ಸುತಾನುಟಿ: ಹೂಗ್ಲಿ ದಂಡೆಯ ಸಂತೆಯೂರು

ಸುತಾನುಟಿಯು ಇಂದಿನ ಉತ್ತರ ಕೋಲ್ಕತ್ತದಲ್ಲಿ, ಹೂಗ್ಲಿ ನದಿಯ ಪೂರ್ವ ದಂಡೆಯಲ್ಲಿದ್ದ ಗ್ರಾಮ; ನೂಲು ಮತ್ತು ಬಟ್ಟೆಯ ಸಂತೆಗೆ ಹೆಸರಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್ ಇಲ್ಲಿ ಬಂದಿಳಿದದ್ದು 1690ರ ಆಗಸ್ಟ್ 24ರಂದು. ಬಹುಕಾಲ ಅದನ್ನೇ ನಗರದ ಹುಟ್ಟಿದ ದಿನವೆಂದು ನಂಬಲಾಗಿತ್ತು. ಆದರೆ ಕಂಪನಿ ಇಲ್ಲಿ ಪೇಟೆ ಹುಟ್ಟಿಸಲಿಲ್ಲ, ಇದ್ದ ಪೇಟೆಯ ಮಗ್ಗುಲಲ್ಲಿ ಬಂದು ಕೂತಿತು. ಸರಸ್ವತಿ ನದಿಯಲ್ಲಿ ಹೂಳು ತುಂಬಿ ಸಪ್ತಗ್ರಾಮದ ಬಂದರು ಸೊರಗಿದಾಗ ಅಲ್ಲಿನ ಸೇಠ್ ಮತ್ತು ಬಸಾಕ್ ಮನೆತನಗಳ ಜವಳಿ ವರ್ತಕರು ಸುತಾನುಟಿಗೆ ಹತ್ತಿರದ ಗೋವಿಂದಪುರಕ್ಕೆ ಬಂದು ನೆಲೆಸಿದರು; ಸುತಾನುಟಿಯ ಸಂತೆ ಕುದುರಿದ್ದು ಅವರಿಂದ. ಎದುರು ದಂಡೆಯ ಬೇತೋರಿನಲ್ಲಿ ಪೋರ್ಚುಗೀಸ್ ಹಡಗುಗಳು ಬಂದಾಗ ಹುಲ್ಲಿನ ಗುಡಿಸಲುಗಳ ಪೇಟೆ ಏಳುತ್ತಿತ್ತು, ಹಡಗು ಹೊರಟೊಡನೆ ಅದನ್ನು ಸುಡುತ್ತಿದ್ದರು ಎಂದು 1560ರ ದಶಕದಲ್ಲಿ ಬಂಗಾಳಕ್ಕೆ ಬಂದಿದ್ದ ವೆನಿಸ್ಸಿನ ವರ್ತಕ ಸೀಸರ್ ಫೆಡೆರಿಚಿ ಬರೆದಿದ್ದಾನೆ. ನೆರೆಯ ಕಲಿಕಾತಾ ಗ್ರಾಮದ ಹೆಸರು ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿದೆ. ಅರ್ಮೇನಿಯನ್ ಚರ್ಚಿನ ಅಂಗಳದಲ್ಲಿರುವ 1630ರದೆನ್ನುವ ಸಮಾಧಿಕಲ್ಲನ್ನೂ ಕೆಲವರು ಸಾಕ್ಷಿಗೆ ಕರೆಯುತ್ತಾರೆ. ಆ ತೇದಿಯ ಬಗ್ಗೆ ತಕರಾರಿದೆ, ಅದಿಲ್ಲದೆಯೂ ವಾದ ನಿಲ್ಲುತ್ತದೆ.

ಸಂತೆ ನೆರೆದ ಮಾತ್ರಕ್ಕೆ ನಗರವಾದೀತೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಕಂಪನಿಯ ಕೋಟೆಯ ಆಸರೆ, 1717ರಲ್ಲಿ ಮೊಘಲ್ ದೊರೆ ಫರೂಕ್‌ಸಿಯಾರ್ ಕೊಟ್ಟ ಸುಂಕವಿನಾಯಿತಿಯ ಫರ್ಮಾನು ಇವಿಲ್ಲದೆ ಊರು ಆ ವೇಗದಲ್ಲಿ ಬೆಳೆಯುತ್ತಿರಲಿಲ್ಲ, ನಿಜ. ಆದರೆ 1698ರಲ್ಲಿ ಕಂಪನಿ 1300 ರೂಪಾಯಿ ತೆತ್ತು ಸಾವರ್ಣ ರಾಯ್‌ಚೌಧುರಿ ಮನೆತನದಿಂದ ಸುತಾನುಟಿ, ಕಲಿಕಾತಾ, ಗೋವಿಂದಪುರಗಳಲ್ಲಿ ಪಡೆದುಕೊಂಡದ್ದು ಕಂದಾಯ ಎತ್ತುವ ಹಕ್ಕನ್ನು. ಕಂದಾಯ ಹುಟ್ಟದ ಬೀಳುಭೂಮಿಗೆ ವ್ಯಾಪಾರಿ ದುಡ್ಡು ಸುರಿಯುವುದಿಲ್ಲ. ಇಂಗ್ಲೆಂಡಿನ ನದೀತೀರದ ಸಂತೆಯೂರುಗಳು ಸಂತೆ ನಡೆಸಲು ರಾಜನ ಸನದು ಪಡೆಯುತ್ತಿದ್ದವು. ಸಂತೆಯಿಂದ ಬರುವ ಉತ್ಪನ್ನ ಎಂಥದೆಂದು ಅಲ್ಲಿಂದ ಬಂದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪ್ಲಾಸಿ ಕದನದ ನಂತರ ಹೊಸ ಫೋರ್ಟ್ ವಿಲಿಯಂ ಕಟ್ಟಲು ಗೋವಿಂದಪುರವನ್ನು ತೆರವು ಮಾಡಿಸಿದಾಗ ವರ್ತಕರು ಉತ್ತರಕ್ಕೆ, ಬಡಾಬಜಾರ್ ಮತ್ತು ಸುತಾನುಟಿಯ ಕಡೆಗೆ ಸರಿದರು. ಕೋಟೆ ಜಾಗ ಕಸಿದುಕೊಂಡಿತು, ಪೇಟೆ ಬೇರೆಡೆ ಬೇರೂರಿತು.

ಚಾರ್ನಾಕ್‌ನನ್ನು ನಗರದ ಸಂಸ್ಥಾಪಕನೆನ್ನಲಾಗದು ಎಂದು ಕಲ್ಕತ್ತಾ ಹೈಕೋರ್ಟ್ 2003ರಲ್ಲಿ ತೀರ್ಪಿತ್ತಿತು. ಇತಿಹಾಸವನ್ನು ಕೋರ್ಟು ಇತ್ಯರ್ಥ ಮಾಡಬೇಕಾದ್ದು ವಿಚಿತ್ರವೇ, ಆದರೂ ಮೇಲಿನ ಪುರಾವೆಗಳಿಗೆ ಅದು ವಿರುದ್ಧವಾಗಿಲ್ಲ. ಪ್ರವಾಸಿಗಳಿಗೆ ಸೇಂಟ್ ಜಾನ್ಸ್ ಚರ್ಚಿನಲ್ಲಿರುವ ಚಾರ್ನಾಕ್‌ನ ಗೋರಿಯನ್ನು ತೋರಿಸುವುದು ವಾಡಿಕೆ. ಹಳೆಯ ಸಂತೆಯ ಗುರುತಿಗೆ ಉತ್ತರದ ಹಾಟ್‌ಖೋಲಾ, ಶೋಭಾಬಜಾರ್‌ಗಳಿಗೇ ಹೋಗಬೇಕು. ದಾರಿಯಲ್ಲಿ ಹೌರಾ ಸೇತುವೆಯ ಬುಡದ ಮಲ್ಲಿಕ್ ಘಾಟ್ ಸಿಗುತ್ತದೆ: ಬೆಳಕು ಹರಿಯುವಷ್ಟರಲ್ಲಿ ಚೆಂಡುಹೂವಿನ ಮಾಲೆಗಳ ಹೊರೆ ಹೊತ್ತ ಕೂಲಿಗಳು ದಾರಿ ಬಿಡಿಸಿಕೊಂಡು ನುಗ್ಗುತ್ತಿರುತ್ತಾರೆ, ಚೌಕಾಸಿ ಜೋರಾಗಿರುತ್ತದೆ.