ಆಮಲಕದ ಹುಳಿಯೂ ಒಗರೂ

ಕಬಕ, ಪುತ್ತೂರು ಸೀಮೆಯ ಮನೆಗಳಲ್ಲಿ ನೆಲ್ಲಿಕಾಯಿಯನ್ನು ಉಪ್ಪುನೀರಿನ ಭರಣಿಯಲ್ಲಿಡುವರಲ್ಲದೆ ಕಲಾಯಿಯಿಲ್ಲದ ತಾಮ್ರಪಾತ್ರೆಯಲ್ಲಿಡುವುದಿಲ್ಲ. ಹುಳಿಗೆ ಕಿಲುಬು ಹುಟ್ಟುವುದೆಂಬುದೇ ಕಾರಣ. ಆದರೆ ಆ ನಿಷೇಧವು ಫಲದ ಸತ್ತ್ವವನ್ನೂ ಕಾಯುತ್ತಿದ್ದಿತು. 1932ರಲ್ಲಿ ಹಂಗೇರಿಯ ಸೆಂಟ್-ಜಿಯೋರ್ಗಿ ಮೊದಲಾದವರು ‘ಸಿ’ ಜೀವಸತ್ತ್ವವೆಂದು ಗುರುತಿಸಿದ ಆಮ್ಲವು ಹುಳಿಯಾದ ದ್ರಾವಣದಲ್ಲಿ ವಾಯುವಿನ ಆಮ್ಲಜನಕದಿಂದ ಬಹು ಮಂದವಾಗಿ ಕೆಡುವುದು. ತಾಮ್ರದ ಲೇಶವು ಸೇರಿದರೆ ಆ ಕ್ರಿಯೆಯು ತ್ವರಿತವಾಗುವುದು. ಈ ಸೀಮೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗ, 1936ರಲ್ಲಿ, ಮದರಾಸಿನ ದಾಮೋದರನ್, ನಾಯರ್ ಎಂಬವರು ನೆಲ್ಲಿಯ ಟ್ಯಾನಿನ್ ಈ ಆಮ್ಲವನ್ನು ರಕ್ಷಿಸುವುದೆಂದು ಪ್ರಕಟಿಸಿದರು. ಟ್ಯಾನಿನ್ನೆಂದರೆ ನಾಲಗೆಗೆ ಒಗರು, ಶಾಸ್ತ್ರದ ಕಷಾಯರಸ. ಚರಕನು ಆಮಲಕದಲ್ಲಿ ಲವಣವೊಂದನ್ನುಳಿದು ಐದು ರಸಗಳನ್ನೂ ಹೇಳಿರುವನು. (ಉಳಿದ ಲವಣವನ್ನು ಕಬಕದ ಭರಣಿಯೇ ಒದಗಿಸುವುದು!) ಇಷ್ಟರಿಂದಲೇ ಚರಕನಿಗೆ ಜೀವಸತ್ತ್ವವು ತಿಳಿದಿದ್ದಿತೆಂದು ಸಾಧಿಸಹೊರಡುವುದು ಮಾತ್ರ ಅತಿಸಾಹಸವೇ ಸರಿ.