ಬಟವಾಡೆಯಿಲ್ಲದ ಫೈನಲ್

ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಬಟವಾಡೆ ಪುಸ್ತಕ ಬರೆದವನು ನಾನು. ಕೊನೆಯ ಮೂರು ತಿಂಗಳು ಪುಸ್ತಕದಲ್ಲಿ ಹೆಸರುಗಳಿದ್ದವು, ದುಡ್ಡಿರಲಿಲ್ಲ. ಆದರೂ ಮಗ್ಗದವರು ಪಾಳಿಗೆ ಬರುತ್ತಲೇ ಇದ್ದರು.

ಮಗಳ ಮನೆ ಇರುವುದು ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಹೋದಾಗಲೆಲ್ಲ ಅಲ್ಲಿನ ಲೀಜನ್ ಫೀಲ್ಡ್ ಎಂಬ ಹಳೆಯ ಕ್ರೀಡಾಂಗಣವನ್ನು ಒಂದು ಸುತ್ತು ಹಾಕಿ ಬರುತ್ತೇನೆ. 1974ರ ಡಿಸೆಂಬರ್ 5ರ ರಾತ್ರಿ ಅಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದವರನ್ನು ನೆನೆದರೆ ನನಗೆ ನಮ್ಮ ಮಗ್ಗದವರೇ ಕಣ್ಣಿಗೆ ಬರುತ್ತಾರೆ.

ಗ್ಯಾರಿ ಡೇವಿಡ್‌ಸನ್ ಎಂಬ ವಕೀಲರು ಕಟ್ಟಿದ ವರ್ಲ್ಡ್ ಫುಟ್‌ಬಾಲ್ ಲೀಗ್ ಆ ವರ್ಷ ಆಟ ಶುರುಮಾಡಿತು. ತಂಡಗಳು 12. ಅಮೆರಿಕದಲ್ಲಿ ಶುಕ್ರವಾರ ಹೈಸ್ಕೂಲು ಹುಡುಗರ ಆಟ, ಶನಿವಾರ ಕಾಲೇಜಿನದು, ಭಾನುವಾರ ದೊಡ್ಡ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನದು. ಹೊಸಬರಿಗೆ ಉಳಿದದ್ದು ಬುಧವಾರ. ಆಮೇಲೆ ಮೆಂಫಿಸ್‌ಗೆ ಹೋದ ಟೊರಾಂಟೊ ತಂಡ ಎನ್‌ಎಫ್‌ಎಲ್‌ನ ಮಯಾಮಿ ತಂಡದ ಮೂವರು ತಾರೆಗಳಿಗೆ 35 ಲಕ್ಷ ಡಾಲರ್ ಒಪ್ಪಂದ ಬರೆದುಕೊಟ್ಟಿತು. ಫಿಲಡೆಲ್ಫಿಯಾ ತಂಡ ತವರಿನ ಮೊದಲ ಎರಡು ಪಂದ್ಯಕ್ಕೆ 1 ಲಕ್ಷ 20 ಸಾವಿರ ಜನ ಬಂದರೆಂದು ಹೇಳಿಕೊಂಡಿತು. ದುಡ್ಡು ಕೊಟ್ಟು ಬಂದವರು ಸುಮಾರು 20 ಸಾವಿರ. ಮಿಕ್ಕವರದ್ದು ಪುಕ್ಕಟೆ ಟಿಕೆಟ್ಟು. ಲೆಕ್ಕ ಬರೆಯುವವನಿಗೆ ಇಷ್ಟು ಗೊತ್ತಾದರೆ ಮುಂದಿನದು ಕಾಣುತ್ತದೆ. ಡೆಟ್ರಾಯಿಟ್ ಮತ್ತು ಜಾಕ್ಸನ್‌ವಿಲ್ ತಂಡಗಳು ಋತು ಮುಗಿಯುವ ಮೊದಲೇ ಮುಚ್ಚಿದವು.

ಹೇಗೋ ಫೈನಲ್ ಬಂತು: ಬರ್ಮಿಂಗ್‌ಹ್ಯಾಮ್ ಅಮೆರಿಕನ್ಸ್ ವಿರುದ್ಧ ಫ್ಲಾರಿಡಾ ಬ್ಲೇಜರ್ಸ್. ಫ್ಲಾರಿಡಾದವರಿಗೆ ಮೂರು ತಿಂಗಳಿಂದ ಸಂಬಳವಿಲ್ಲ. ಬರ್ಮಿಂಗ್‌ಹ್ಯಾಮ್‌ನವರಿಗೆ ಐದು ವಾರದಿಂದ ಇಲ್ಲ. ಬರ್ಮಿಂಗ್‌ಹ್ಯಾಮ್‌ನವರು ಆಡುವುದಿಲ್ಲ ಎಂದು ಪಟ್ಟು ಹಿಡಿದರು. ಗೆದ್ದರೆ ಚಾಂಪಿಯನ್ನರ ಉಂಗುರ ಮಾಡಿಸಿಕೊಡುತ್ತೇನೆಂದು ಮಾಲೀಕರು ಮಾತು ಕೊಟ್ಟ ಮೇಲೆ ಮೈದಾನಕ್ಕಿಳಿದರು.

ಅಂದು ಬಂದವರು 32,376 ಮಂದಿ. ಒಂದು ಹಂತದಲ್ಲಿ ಬರ್ಮಿಂಗ್‌ಹ್ಯಾಮ್ 22, ಫ್ಲಾರಿಡಾ ಸೊನ್ನೆ. ಆಮೇಲೆ ಫ್ಲಾರಿಡಾ ಮೂರು ಟಚ್‌ಡೌನ್ ಹೊಡೆಯಿತು. ಈ ಲೀಗಿನಲ್ಲಿ ಟಚ್‌ಡೌನ್‌ಗೆ ಏಳು ಅಂಕ, ಆಮೇಲೆ ಒಂದು ಹೆಚ್ಚುವರಿ ಅಂಕಕ್ಕೆ ಅವಕಾಶ. ಆ ಮೂರು ಅವಕಾಶವೂ ಕೈತಪ್ಪಿ 22-21ಕ್ಕೆ ಸೋತರು. ಮೂರು ತಿಂಗಳು ಬರಿಗೈಯಲ್ಲಿದ್ದವರು 22 ಅಂಕ ಹಿಂದೆ ಬಿದ್ದ ಮೇಲೂ ಹಾಗೆ ಆಡಿದರಲ್ಲ, ಅದು ಯಾವ ಮಾಲೀಕನಿಗಾಗಿಯೂ ಅಲ್ಲ. ಕೈಗೆ ಬಂದ ಕೆಲಸವನ್ನು ಕೆಡಿಸಲು ಅವರಿಗೆ ಮನಸ್ಸು ಬರಲಿಲ್ಲ. ಫ್ಲಾರಿಡಾದ ಟಾಮಿ ರೇಮನ್ ಋತುವಿನ ಶ್ರೇಷ್ಠ ಆಟಗಾರ ಪ್ರಶಸ್ತಿಯ 10,000 ಡಾಲರನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು.

ಗೆದ್ದವರ ಸಂಭ್ರಮ ಇನ್ನೂ ನಡೆದಿತ್ತು. ಅಷ್ಟರಲ್ಲಿ ಕ್ರೀಡಾ ಸಾಮಗ್ರಿ ವ್ಯಾಪಾರಿಯ ಬಾಕಿಗಾಗಿ ಶೆರಿಫ್‌ನ ಸಿಬ್ಬಂದಿ ಬಂದು ತಂಡದ ಜೆರ್ಸಿಗಳನ್ನು ಜಪ್ತಿ ಮಾಡಿದರು. ನಮ್ಮ ಗಿರಣಿಯಲ್ಲೂ ಮೊದಲು ಹೋದದ್ದು ಯಂತ್ರಗಳೇ. ಸಾಲ ಕೊಟ್ಟವನಿಗೆ ಎಳೆದೊಯ್ಯಲು ಏನಾದರೂ ಸಿಗುತ್ತದೆ, ದುಡಿದವನಿಗೆ ಸಿಗುವುದಿಲ್ಲ.

ಮರುವರ್ಷ ಅದೇ ಊರಲ್ಲಿ ವಲ್ಕನ್ಸ್ ಎಂಬ ಹೊಸ ತಂಡ ಹುಟ್ಟಿತು. 12 ಪಂದ್ಯಗಳಲ್ಲಿ ಒಂಬತ್ತು ಗೆದ್ದು ಎಲ್ಲರಿಗಿಂತ ಮುಂದಿತ್ತು. 1975ರ ಅಕ್ಟೋಬರ್ 22ರಂದು ಲೀಗೇ ನಿಂತುಹೋಯಿತು. ವಲ್ಕನ್ಸ್‌ನವರು ಎನ್‌ಎಫ್‌ಎಲ್ ಸೇರಲು ಕೇಳಿಕೊಂಡರೂ ಬಾಗಿಲು ತೆರೆಯಲಿಲ್ಲ.

ಆಮೇಲೆ ಈ ಊರಿಗೆ ಬೇರೆ ಬೇರೆ ಲೀಗುಗಳ ತಂಡಗಳು ಒಂದಾದ ಮೇಲೊಂದು ಬಂದವು: ಸ್ಟಾಲಿಯನ್ಸ್, ಫೈರ್, ಬಾರಕುಡಾಸ್, ಥಂಡರ್‌ಬೋಲ್ಟ್ಸ್. ಬಾರಕುಡಾಸ್ ಉಳಿದದ್ದು 1995ರ ಒಂದೇ ಋತು. ಸೆಪ್ಟೆಂಬರಿನಲ್ಲಿ ಕಾಲೇಜು ಆಟ ಶುರುವಾಗುತ್ತಲೇ ಜನ ಅತ್ತ ಹೊರಳಿದರು. ಜನರನ್ನು ದೂರಲಾರೆ. ಪ್ರತಿ ಸಲ ಮೊದಲ ದಿನ ಬಂದು ಕುಳಿತವರು ಅವರೇ. ಸಂಬಳದ ಹಣವನ್ನು ಮೊದಲೇ ತೆಗೆದಿರಿಸದೆ ಲೀಗ್ ಶುರು ಮಾಡಿದವರದ್ದೇ ತಪ್ಪು.

2019ರಲ್ಲಿ ಇನ್ನೊಂದು ಹೊಸ ಲೀಗಿನ ತಂಡ ಬರ್ಮಿಂಗ್‌ಹ್ಯಾಮ್ ಐರನ್ ಇದೇ ಲೀಜನ್ ಫೀಲ್ಡ್‌ನಲ್ಲಿ ಆಡಿ ಪ್ಲೇಆಫ್‌ಗೆ ಅರ್ಹವಾಯಿತು. ಎಂಟು ವಾರಕ್ಕೆ ಆ ಲೀಗೂ ಮುಚ್ಚಿತು. ಆ ಪ್ಲೇಆಫ್ ನಡೆಯಲೇ ಇಲ್ಲ.