ತನ್ನನ್ನೇ ಅಣಕಿಸಿಕೊಂಡ ಆಟ

ಅಣಕ ಎನ್ನುವುದು ಕನ್ನಡಿಗರಿಗೆ ಹೊಸದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲಿಷ್ ಸಿಪಾಯಿಗಳು ಹಾಡುತ್ತಿದ್ದ ‘ಟಿಪ್ಪರರಿ’ಯನ್ನು ಟಿ. ಪಿ. ಕೈಲಾಸಂ (1884–1946) ‘ತಿಪ್ಪಾರಳ್ಳಿ’ ಮಾಡಿಬಿಟ್ಟರು. ಧಾಟಿ ಅವರದು, ಊರು ನಮ್ಮದು. ಮೂಲ ಗೊತ್ತಿದ್ದವರು ಎರಡು ಸಲ ನಕ್ಕರು, ಗೊತ್ತಿಲ್ಲದವರು ಒಂದು ಸಲ. ವಿಡಿಯೋ ಗೇಮಿನಲ್ಲೂ ಇಂಥದೊಂದು ಉಂಟು ಎಂದರೆ ನಿಮಗೆ ಆಶ್ಚರ್ಯವಾದೀತು.

1978ರ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಪರದೆ ನಿಂತಲ್ಲೇ ನಿಂತಿರುತ್ತಿತ್ತು. 1981ರಲ್ಲಿ ಜಪಾನಿನ ಕೊನಾಮಿ ಕಂಪನಿ ತಂದ ‘ಸ್ಕ್ರ್ಯಾಂಬಲ್’ನಲ್ಲಿ ಗುಡ್ಡ, ಗುಹೆಗಳು ರೈಲಿನ ಕಿಟಕಿಯಿಂದ ಕಂಡಂತೆ ಪಕ್ಕಕ್ಕೆ ಸರಿಯತೊಡಗಿದವು. 1985ರಲ್ಲಿ ಅದೇ ಕಂಪನಿಯ ‘ಗ್ರೇಡಿಯಸ್’ ಬಂತು. ಶತ್ರುಗಳನ್ನು ಹೊಡೆದಾಗ ಉದುರುವ ಗುಳಿಗೆಗಳನ್ನು ಚೀಟಿ ಹಣದಂತೆ ಕೂಡಿಟ್ಟು, ಬೇಕಾದಾಗ ವೇಗವನ್ನೋ ಕ್ಷಿಪಣಿಯನ್ನೋ ಪಡೆಯಬೇಕು. ಒಂದೇ ಗುಂಡು ತಾಗಿದರೂ ಕೂಡಿಟ್ಟದ್ದೆಲ್ಲ ಹೋಯಿತು! ಬಹಳ ಗಂಭೀರವಾದ ಆಟ.

ಮೂರೇ ವರ್ಷಕ್ಕೆ, 1988ರಲ್ಲಿ, ಕೊನಾಮಿಯೇ ಅದನ್ನು ಗೇಲಿ ಮಾಡಿತು. ಅಣಕಕ್ಕೆ ಇಂಗ್ಲಿಷಿನವರು ಹೇಳುವ ‘ಪ್ಯಾರಡಿ’ಗೆ ‘ಗ್ರೇಡಿಯಸ್’ ಸೇರಿಸಿ ‘ಪ್ಯಾರೋಡಿಯಸ್’ ಎಂದು ಹೆಸರಿಟ್ಟಿತು. ಲೋಕವನ್ನು ಕಾಯುವ ವೀರ ಒಂದು ಆಕ್ಟೋಪಸ್! ಅದರ ಜೊತೆಗೆ ಕಂಪನಿಯ ಇನ್ನೊಂದು ಆಟದಿಂದ ಬಂದ ಪೆಂಗ್ವಿನ್. 1990ರಲ್ಲಿ ಬಂದ ಮುಂದಿನ ಆಟದಲ್ಲಿ ಬೆಕ್ಕಿನ ಮುಖದ ಹಡಗು ಎದುರಾಗುತ್ತದೆ, ಚೈಕೋವ್ಸ್ಕಿಯಂಥ ದೊಡ್ಡವರ ಸಂಗೀತ ಕುಣಿಯುತ್ತ ಬರುತ್ತದೆ. 1995ರದರಲ್ಲಂತೂ ಕ್ರಿಕೆಟ್ ವೀಕ್ಷಕ ವಿವರಣೆಯಂತೆ ಒಬ್ಬ ಆಟದುದ್ದಕ್ಕೂ ಬಡಬಡಿಸುತ್ತಾನೆ. ಆದರೆ ಗುಳಿಗೆ ಕೂಡಿಡುವ ಲೆಕ್ಕ ಮಾತ್ರ ಹಳೆಯದೇ. ನಗುತ್ತ ಮೈಮರೆತರೆ ಸೋಲು ಖಂಡಿತ.

ತೊಂಬತ್ತರ ದಶಕದಲ್ಲಿ ಹೆಬ್ಬಾಳದ ಪಕ್ಕದ ನಮ್ಮ ಕೆಂಪಾಪುರಕ್ಕೂ ಟಿವಿಗೆ ಸಿಕ್ಕಿಸುವ ಡಬ್ಬಿಗಳು ಬಂದವು. ನಮ್ಮ ತಮ್ಮನ ಮನೆಯಲ್ಲೂ ಒಂದಿತ್ತು. ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲು ಅದು. ಕ್ಯಾಸೆಟ್ಟಿನ ಮೇಲೆ ಆಟ ಮಾಡಿದವರ ಹೆಸರಿಲ್ಲ, ಇಸವಿಯಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಮಕ್ಕಳಿಗೆ ತಿಳಿಯುವುದಾದರೂ ಹೇಗೆ?

ನಕಲಿಗೂ ಅಣಕಕ್ಕೂ ಇರುವ ಅಂತರ ಇಲ್ಲೇ ಇದೆ. ನಕಲು ಮೂಲದ ಹೆಸರನ್ನು ಅಳಿಸುತ್ತದೆ, ಅಣಕ ಅದನ್ನು ಮತ್ತೆ ಮತ್ತೆ ನೆನಪಿಸುತ್ತದೆ. ಪರೀಕ್ಷಾ ಕೊಠಡಿಯಲ್ಲಿ ನಿಂತ ನನ್ನಂಥವರಿಗೆ ಇದು ಚೆನ್ನಾಗಿ ಗೊತ್ತು. ನಕಲು ಹೊಡೆಯುವವನಿಗೆ ಉತ್ತರ ಅರ್ಥವಾಗಬೇಕಿಲ್ಲ, ಅಣಕಿಸುವವನಿಗೆ ಅರ್ಥವಾಗದೆ ಆಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಶಾಲೆಯ ವಾರ್ಷಿಕೋತ್ಸವದ ತಾಲೀಮಿನಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ನನ್ನಂತೆ ಸೆರಗು ಸಿಕ್ಕಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಇತಿಹಾಸದ ಪಾಠ ಮಾಡಿದಳು. ಕಿರುಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿದ್ದ ಹುಡುಗಿ. “ಮೇಡಂ, ಇದು ಅಗೌರವ, ತೆಗೆಸಿಬಿಡಿ” ಎಂದು ಸಹೋದ್ಯೋಗಿಯೊಬ್ಬರು ಸಿಟ್ಟಾದರು. ಅವಳ ಮುಖ ಬಾಡಿತು. ನಾನು ಬೇಡವೆಂದಿದ್ದರೆ ಆ ವರ್ಷ ಅವಳಿಗೆ ವೇದಿಕೆಯೇ ಇರುತ್ತಿರಲಿಲ್ಲ.

ನನ್ನ ಕಿವಿ ಮಾತ್ರ ಇಸವಿಗಳ ಮೇಲಿತ್ತು. ಪಾಣಿಪತ್ತಿನ ಮೂರು ಯುದ್ಧಗಳು: 1526, 1556, 1761. ಒಂದನ್ನೂ ಅವಳು ತಪ್ಪಿಸಲಿಲ್ಲ. “ಇರಲಿ ಬಿಡಿ, ಕನ್ನಡಕ ಇನ್ನೂ ಸ್ವಲ್ಪ ಕೆಳಗೆ ಬರಲಿ” ಎಂದೆ.